ಸತ್ತವರ ಶೇವಿಂಗ್ ಸೆಟ್ಟು

ನಾನು ಯಾವ ಕಂಪನಿಯಲ್ಲಿ ಏನು ಕೆಲಸ ಮಾಡುತ್ತೇನೆ ಎನ್ನುವುದು ನನ್ನ ಅಮ್ಮನಿಗೆ ಹದಿನಾಲ್ಕು ವರ್ಷಗಳಾದರೂ ಸರಿಯಾಗಿ ಅರ್ಥವಾಗಿಲ್ಲ. ಶನಿವಾರ ಬೆಳಿಗ್ಗೆ ಏನು ಮಾಡುತ್ತೇನೆ ಎನ್ನುವುದು ಮಾತ್ರ ಚೆನ್ನಾಗಿ ಅರ್ಥವಾಗಿದೆ. ಅದೇ ಅವಳ ಸಂಕಟ. “ಯಾರೋ ಸತ್ತೋರ ಶೇವಿಂಗ್ ಸೆಟ್ಟನ್ನ ದುಡ್ಡು ಕೊಟ್ಟು ತರ್ತೀಯಲ್ಲೋ, ನಿಂಗೇನು ಬಂದಿರೋದು?” ಎಂದು ತಿಪಟೂರಿನಿಂದ ಫೋನಿನಲ್ಲಿ ಕೇಳುತ್ತಾಳೆ. ನಮ್ಮ ಕಡೆ ಸತ್ತವರ ಹಾಸಿಗೆ, ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತಾರೆ. ಶೇವಿಂಗ್ ಸೆಟ್ಟನ್ನು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಬಚ್ಚಲುಮನೆಯ ಗೂಡಿನಲ್ಲಿ ಕೂತು ಕೂತು ಒಂದು ದಿನ ಅದು ಗುಜರಿಯವನ ತಕ್ಕಡಿಗೆ ಹೋಗುತ್ತದೆ. ನಾನು ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನೇ ಹುಡುಕಿಕೊಂಡು ಮನೆಮನೆ ಅಲೆಯುತ್ತೇನೆ.

ಹಳೆಯ ಸೇಫ್ಟಿ ರೇಜರುಗಳನ್ನು ತಂದು, ಯಾವ ಕಾಲದ್ದೆಂದು ಗುರುತು ಹಿಡಿದು, ತೊಳೆದು, ಸರಿಮಾಡಿ ಮಾರುತ್ತೇನೆ. ಲಾಭ ಪೆಟ್ರೋಲಿಗೂ ಕಾಫಿಗೂ ಸಾಕು, ಅಷ್ಟೇ. ಆದರೂ ಈ ಹುಚ್ಚಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ, ಏಕೆಂದರೆ ವಸ್ತು ಹುಟ್ಟಿದ್ದೇ ಇಲ್ಲಿ. ಬಾಟಲಿ ಮುಚ್ಚಳದ ಕಂಪನಿಯೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದ ಕಿಂಗ್ ಕ್ಯಾಂಪ್ ಜಿಲೆಟ್‌ಗೆ, ಬಳಸಿ ಬಿಸಾಡುವಂಥದ್ದೇನಾದರೂ ಕಂಡುಹಿಡಿ, ಜನ ಮತ್ತೆ ಮತ್ತೆ ಕೊಳ್ಳುತ್ತಾರೆ ಎಂದು ಯಜಮಾನ ಹೇಳಿದ್ದನಂತೆ. ತೆಳ್ಳನೆಯ ಉಕ್ಕಿನ ಬ್ಲೇಡಿಗೆ ಹದ ಕೊಡುವುದು ಸಾಧ್ಯವಿಲ್ಲವೆಂದು ತಿಳಿದವರು ಕೈಯಾಡಿಸಿಬಿಟ್ಟಿದ್ದಾಗ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿಕೊಟ್ಟ. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು 51 ರೇಜರು, 168 ಬ್ಲೇಡು. ನಮ್ಮ ಊರಿನ ಸಂತೆಯಲ್ಲಿ ಸೌತೆಕಾಯಿ ಮಾರುವವಳೂ ಇದಕ್ಕಿಂತ ಹೆಚ್ಚು ವ್ಯಾಪಾರ ಮಾಡುತ್ತಾಳೆ. ಹದಿನೈದು ವರ್ಷದೊಳಗೆ, ಮೊದಲ ಮಹಾಯುದ್ಧದ ಕೊನೆಗೆ, ಅಮೆರಿಕದ ಸರ್ಕಾರವೇ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರು ಕೊಂಡಿತು. ಆ ಹುಡುಗರು ಮನೆಗೆ ಬಂದಾಗ ಕ್ಷೌರದಂಗಡಿಗೆ ಹೋಗದೆ ತಾವೇ ಗಡ್ಡ ಹೆರೆದುಕೊಳ್ಳುವ ಅಭ್ಯಾಸವನ್ನೂ ಜೊತೆಗೆ ತಂದರು.

ಇದೆಲ್ಲ ಹಳೆಯ ಕತೆಯಾಗಿ ಸತ್ತುಹೋಗದೆ ಇರುವುದಕ್ಕೆ ಕಾರಣ ಬ್ಲೇಡು. ಎರಡೂ ಕಡೆ ಅಲಗಿರುವ ಈ ಬ್ಲೇಡಿನ ನಡುವಿನ ತೂತಿನ ಆಕಾರ ಬದಲಾಗಿದೆ, ಅಳತೆ ಬದಲಾಗಿಲ್ಲ. ತಿಪಟೂರಿನ ಅಂಗಡಿಯಲ್ಲಿ ಇವತ್ತು ಸಿಗುವ ಬ್ಲೇಡು ನೂರು ವರ್ಷ ಹಿಂದಿನ ಜಿಲೆಟ್ಟಿಗೂ ಕೂರುತ್ತದೆ. ನಮ್ಮಲ್ಲಿ ಕ್ಷೌರಿಕರು ಅದನ್ನೇ ಎರಡಾಗಿ ಮುರಿದು ಕತ್ತಿಯ ಹಿಡಿಗೆ ಸಿಕ್ಕಿಸಿಕೊಳ್ಳುವುದನ್ನು ನೀವೂ ನೋಡಿದ್ದೀರಿ. ನನ್ನ ಅಪ್ಪ ಮಂಗಳವಾರ, ಶನಿವಾರ ಬಿಟ್ಟು ಉಳಿದ ದಿನ ಬಳಸಿದ ಬ್ಲೇಡು ಆಮೇಲೆ ನನ್ನ ಪೆನ್ಸಿಲ್ ಚೂಪು ಮಾಡಲು, ಅಮ್ಮನ ರವಿಕೆಯ ಹೊಲಿಗೆ ಬಿಚ್ಚಲು ಬರುತ್ತಿತ್ತು. ಇಲ್ಲಿನ ಹಳೆಯ ಮನೆಗಳಲ್ಲಿ ಬಚ್ಚಲ ಕನ್ನಡಿಯ ಗೂಡಿನ ಹಿಂಭಾಗದಲ್ಲಿ ಒಂದು ಸಣ್ಣ ಸೀಳು ಇರುತ್ತದೆ. ಹಳೆಯ ಬ್ಲೇಡನ್ನು ಅದರೊಳಗೆ ತೂರಿಸಿದರೆ ಗೋಡೆಯೊಳಗೆ ಬೀಳುತ್ತದೆ. ಆಮೇಲೆ ಅದೆಲ್ಲಿಗೆ ಹೋಗುತ್ತದೆ ಎಂದು ಯಾರೂ ಯೋಚಿಸಿದಂತಿಲ್ಲ. ಗೋಡೆ ಒಡೆಯುವ ಕೆಲಸದವರಿಗೆ ಮಾತ್ರ ಗೊತ್ತು, ತುಕ್ಕು ಹಿಡಿದ ಬ್ಲೇಡುಗಳ ರಾಶಿಯೇ ಕಾಲಬುಡಕ್ಕೆ ಸುರಿಯುತ್ತದೆ.

ರೇಜರುಗಳು ನನಗೆ ಸಿಗುವುದು ಹೆಚ್ಚಾಗಿ ಎಸ್ಟೇಟ್ ಸೇಲುಗಳಲ್ಲಿ. ಮನೆಯ ಹಿರಿಯರು ತೀರಿಕೊಂಡ ಮೇಲೆ ಮನೆಯ ಬಾಗಿಲನ್ನೇ ತೆರೆದಿಟ್ಟು, ಚಮಚದಿಂದ ಮಂಚದವರೆಗೆ ಎಲ್ಲಕ್ಕೂ ಬೆಲೆಚೀಟಿ ಅಂಟಿಸಿ ಮಾರುತ್ತಾರೆ. ಮೊದಮೊದಲು ಕಾಲು ಒಳಗೆ ಹೋಗುತ್ತಿರಲಿಲ್ಲ. ಮಡಿಸಿಟ್ಟ ಟವೆಲ್ಲು, ಅರ್ಧ ಮುಗಿದ ಪೌಡರಿನ ಡಬ್ಬಿ, ಅದರ ಮೇಲೂ ಒಂದು ಡಾಲರಿನ ಚೀಟಿ. ಈಗ ಸೀದಾ ಬಚ್ಚಲುಮನೆಗೆ ಹೋಗುತ್ತೇನೆ.

ಕಳೆದ ವರ್ಷ ವೂಸ್ಟರ್ ನಗರದಾಚೆಯ ಒಂದು ಮನೆಯಲ್ಲಿ ಹೀಗೇ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಕೂದಲುದುರಿದ ಬ್ರಶ್ಶು, ಪಟಿಕದ ತುಂಡು, ಒಂದು ರೇಜರು. ಹತ್ತು ಡಾಲರು. ದುಡ್ಡು ಕೊಡುವಾಗ ಮೇಜಿನ ಹಿಂದೆ ಕೂತಿದ್ದ ಹೆಂಗಸು ಡಬ್ಬಿಯನ್ನು ಒಂದು ಕ್ಷಣ ಕೈಯಲ್ಲೇ ಇಟ್ಟುಕೊಂಡರು. ಎಪ್ಪತ್ತು ದಾಟಿದವರು, ಆ ಮನೆಯ ಮಗಳು. “ಇದು ಅಪ್ಪನದು. ನಾರ್ಮಂಡಿಯಲ್ಲಿ ಅವರ ಜೊತೆಗಿತ್ತು. 1944ರಲ್ಲಿ” ಎಂದರು. ಇದು ಯಾರ ಕೈಗೆ ಹೋಗುತ್ತದೆಂದು ತಿಳಿಸುತ್ತೀರಾ ಎಂದು ಕೇಳಿ ತಮ್ಮ ಇಮೇಲ್ ವಿಳಾಸವನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟರು.

ನನಗೆ ಅಲ್ಲೇ ಅನುಮಾನ ಬಂದಿತ್ತು. ಹಿಡಿಯನ್ನು ತಿರುಗಿಸಿದರೆ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ತಲೆಯ ಎರಡು ಬಾಗಿಲು ತೆರೆಯುವ ರೇಜರು ಅದು. ಆ ಬಗೆಯವು 1930ರ ದಶಕದಿಂದಲೂ ಇವೆ, ಸರಿ. ಆದರೆ ಇದರ ನಡುವಿನ ಪಟ್ಟಿಯಲ್ಲಿ ಬ್ಲೇಡನ್ನು ಡಬ್ಬಿಯಿಂದ ನೇರವಾಗಿ ಜಾರಿಸಿಕೊಳ್ಳಲು ಕಚ್ಚುಗಳಿದ್ದವು. ಅಂದರೆ ಸೂಪರ್ ಸ್ಪೀಡ್, ಅದು ಬಂದದ್ದೇ 1947ರಲ್ಲಿ. ಹಿಡಿಯ ತುದಿ ದತ್ತೂರಿ ಹೂವಿನಂತೆ ಅಗಲವಾಗಿತ್ತು, ಅದು ಇನ್ನೂ ಈಚಿನದು. ಸುಮ್ಮನೆ ತಲೆಯಾಡಿಸಿ ಬಂದೆ. ಅಪ್ಪನ ಮನೆ ಖಾಲಿ ಮಾಡುತ್ತಿರುವವರ ಎದುರು ನಿಂತು ಪಾಠ ಹೇಳುವುದಕ್ಕಾಗುತ್ತದೆಯೇ?

ತೊಳೆಯುವ ಕೆಲಸಕ್ಕೆ ದೊಡ್ಡ ವಿದ್ಯೆಯೇನೂ ಬೇಡ, ಅವಸರ ಮಾಡಬಾರದು ಅಷ್ಟೇ. ಬಿಸಿನೀರು, ಕುದಿಯುವುದಲ್ಲ, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ, ಹಳೆಯ ಹಲ್ಲುಜ್ಜುವ ಬ್ರಶ್ಶು. ರೇಜರಿನ ಮೈ ಹಿತ್ತಾಳೆ, ಮೇಲೆ ನಿಕಲ್ಲಿನ ಲೇಪ, ಕೆಲವಕ್ಕೆ ಚಿನ್ನದ್ದು. ಹಿತ್ತಾಳೆ ಎಂದು ಕೇಳಿದ್ದೇ ತಡ, “ಹುಣಸೆಹಣ್ಣು ಹಾಕಿ ತಿಕ್ಕೋ, ಫಳಫಳ ಅನ್ನುತ್ತೆ” ಎಂದಿದ್ದಳು ಅಮ್ಮ. ಅದನ್ನೇ ಮಾಡಬಾರದು. ಹುಳಿ ಲೇಪವನ್ನು ತಿನ್ನುತ್ತದೆ. ಚಿನ್ನದ ಲೇಪವಂತೂ ಎಷ್ಟು ತೆಳುವೆಂದರೆ ಪಾಲಿಶ್ ಪುಡಿ ಹಾಕಿ ನಾಲ್ಕು ಸಲ ಉಜ್ಜಿದರೆ ಬಟ್ಟೆಗೇ ಬಂದುಬಿಡುತ್ತದೆ. ನೆನೆಹಾಕಿದ ನೀರಿನಲ್ಲಿ ಬೂದುಬಣ್ಣದ ಕೆಸರು ಇಳಿಯುತ್ತದೆ: ಗಡಸು ನೀರಿನ ಸುಣ್ಣ, ದಶಕಗಳ ಸೋಪು, ಒಮ್ಮೊಮ್ಮೆ ಕೂದಲಿನ ಚೂರು. ಒಬ್ಬ ಮನುಷ್ಯನ ಎಷ್ಟೋ ಸಾವಿರ ಬೆಳಗುಗಳಲ್ಲಿ ಉಳಿದದ್ದು ಅದು. ಸಿಂಕಿಗೆ ಸುರಿಯುವಾಗ ಇವತ್ತಿಗೂ ಕೈ ಸ್ವಲ್ಪ ತಡೆಯುತ್ತದೆ. ಅಮ್ಮನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿ, ತಿರುಗುವ ಕಡ್ಡಿಗೆ ಒಂದು ಹನಿ ಎಣ್ಣೆ ಬಿಟ್ಟು, ಬಾಗಿಲುಗಳು ಎರಡೂ ಕಡೆ ಒಂದೇ ಸಮ ಮುಚ್ಚುತ್ತವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು.

ಕೆಸರು ಹೋದ ಮೇಲೆ ತಲೆಯ ಅಡಿಭಾಗದಲ್ಲಿ ಅಕ್ಷರ ಕಾಣಿಸಿತು: ಬಿ, ಜೊತೆಗೆ 3. ಅಮೆರಿಕದಲ್ಲಿ ತಯಾರಾದ ಜಿಲೆಟ್ಟುಗಳಲ್ಲಿ ಆ ವರ್ಷಗಳಲ್ಲಿ ಅಕ್ಷರ ವರ್ಷವನ್ನೂ ಅಂಕಿ ಮೂರು ತಿಂಗಳ ಅವಧಿಯನ್ನೂ ಹೇಳುತ್ತದೆ. ಎ ಎಂದರೆ 1955. ಬಿ 3 ಎಂದರೆ 1956ರ ಜುಲೈಯಿಂದ ಸೆಪ್ಟೆಂಬರ್. ನಾರ್ಮಂಡಿಯಾಗಿ ಹನ್ನೆರಡು ವರ್ಷ.

ಈ ವ್ಯಾಪಾರದಲ್ಲಿ ಕತೆಗೆ ಬೆಲೆ ಇದೆ. ಅಂಥದೇ ರೇಜರು ಬರಿದೇ ಹೋದರೆ ಮೂವತ್ತೈದು, ನಲವತ್ತು ಡಾಲರು. ಯುದ್ಧಕ್ಕೆ ಹೋಗಿಬಂದದ್ದು ಎಂದು ಮಗಳ ಮಾತನ್ನು ಸೇರಿಸಿದರೆ ನೂರು ಕೊಡುವವರೂ ಸಿಗುತ್ತಾರೆ. ತಲೆ ಒಂದರದು, ಹಿಡಿ ಇನ್ನೊಂದರದು ಸೇರಿಸಿ ಅಪರೂಪದ್ದೆಂದು ಮಾರುವವರನ್ನು ನೋಡಿದ್ದೇನೆ. ಹೊಸ ಲೇಪ ಹಾಕಿಸುವ ಮೊದಲು ಮೈಯನ್ನು ಯಂತ್ರಕ್ಕೆ ಹಿಡಿದು ನುಣ್ಣಗೆ ಮಾಡುತ್ತಾರೆ. ಅತಿಯಾದರೆ ಇಂಥ ಅಕ್ಷರಗಳೂ ಸವೆದುಹೋಗುತ್ತವೆ. ಆಮೇಲೆ ಯಾವ ಕತೆಯನ್ನಾದರೂ ಕಟ್ಟಬಹುದು. ನನಗೆ ಹೊಸ ಲೇಪ ಕಂಡರೆ ಆಗದು. ಮದುವೆಮನೆಯಲ್ಲಿ ತಲೆಗೆ ಕಪ್ಪು ಬಳಿದುಕೊಂಡು ಓಡಾಡುವ ದೊಡ್ಡಪ್ಪಂದಿರ ನೆನಪಾಗುತ್ತದೆ.

ಕೊಳ್ಳುವವರಿಗೆ ಏನು ಬರೆಯಬೇಕೆಂಬ ಬಗ್ಗೆ ನನಗೆ ಗೊಂದಲ ಇರಲಿಲ್ಲ. ಸೂಪರ್ ಸ್ಪೀಡ್, ಬಾಸ್ಟನ್, 1956ರ ಮೂರನೆಯ ಅವಧಿ, ಹಿಡಿಯ ಮೇಲೆ ಒಂದು ಸಣ್ಣ ಗೀರು. ಅಷ್ಟೇ ಬರೆದೆ. ತಲೆನೋವಾದದ್ದು ಆ ಹೆಂಗಸಿಗೆ ಏನು ಬರೆಯಬೇಕೆಂಬುದು. ತಂದೆ ಸುಳ್ಳು ಹೇಳಿದರೆಂದು ನಾನು ನಂಬಿಲ್ಲ. ಯುದ್ಧದಲ್ಲಿ ಅವರ ಹತ್ತಿರ ಒಂದು ರೇಜರು ಇದ್ದೇ ಇರುತ್ತದೆ, ಅದರ ಬಗ್ಗೆ ಮಕ್ಕಳಿಗೆ ಹೇಳಿಯೂ ಇರುತ್ತಾರೆ. ಮುಂದೆ ಅದು ಹಾಳಾಗಿ ಇನ್ನೊಂದು ಬಂದಿರುತ್ತದೆ. ಕತೆ ಮಾತ್ರ ಹಳೆಯದರಿಂದ ಹೊಸದಕ್ಕೆ ದಾಟಿಕೊಂಡಿರುತ್ತದೆ. ನಮ್ಮ ಮನೆಯಲ್ಲಿ ಮುತ್ತಜ್ಜಿಯದೆಂದು ಕರೆಯುವ ಒಂದು ತಾಮ್ರದ ಹಂಡೆ ಇದೆ. ಅದರ ತಳವನ್ನು ತಿರುಗಿಸಿ ನೋಡಲು ನನಗೇ ಧೈರ್ಯವಿಲ್ಲ.

ಮೂರು ವಾರ ಬರೆಯಲಿಲ್ಲ. ಏನನ್ನೂ ಹೇಳದೆ ಮಾರಿಬಿಡಬಹುದಿತ್ತು. ಆದರೆ ಅವರೇ ಕೇಳಿದ್ದರು. ಕೊನೆಗೆ ಅಕ್ಷರದ ಫೋಟೋ ತೆಗೆದು, ಇದು ಹೀಗೆ, 1956ರದು, ನಿಮಗೆ ಬೇಕಾದರೆ ವಾಪಸು ಕಳಿಸುತ್ತೇನೆ, ದುಡ್ಡು ಬೇಡ ಎಂದು ಬರೆದೆ. ನಾಲ್ಕು ದಿನಕ್ಕೆ ಎರಡು ಸಾಲಿನ ಉತ್ತರ ಬಂತು. 1956ರಲ್ಲಿ ನಾವು ಆ ಮನೆಗೆ ಬಂದೆವು ಎನ್ನುವುದು ಮೊದಲ ಸಾಲು. ಹಾಗಾದರೆ ಯುದ್ಧದ್ದು ಎಲ್ಲಿ ಹೋಯಿತು ಎನ್ನುವುದು ಎರಡನೆಯದು. ವಾಪಸು ಕೇಳಲಿಲ್ಲ.

ಈ ಲೋಕದಲ್ಲಿ ತಾನು ಹುಟ್ಟಿದ ವರ್ಷದ, ಸಾಧ್ಯವಾದರೆ ಹುಟ್ಟಿದ ತಿಂಗಳುಗಳ ರೇಜರನ್ನೇ ಹುಡುಕುವವರ ಒಂದು ಪಂಗಡವಿದೆ. ಹಾಗೆ ಓಹಾಯೋದ ಒಬ್ಬ ನಿವೃತ್ತ ಮೇಷ್ಟ್ರು ಬಿ 3ಕ್ಕಾಗಿ ಎರಡು ವರ್ಷದಿಂದ ಕಾದಿದ್ದರಂತೆ, ಮೂವತ್ತೆಂಟು ಡಾಲರಿಗೆ ಕೊಂಡರು. ಇದು ಯಾರದಾಗಿತ್ತು ಎಂದೂ ಕೇಳಿದರು. ವೂಸ್ಟರ್ ಹತ್ತಿರದ ಒಂದೇ ಮನೆಯಲ್ಲಿ ಮೊದಲಿನಿಂದಲೂ ಇದ್ದದ್ದು, ಆ ಮನೆಗೆ ಅವರು ಬಂದ ವರ್ಷದ್ದು ಎಂದು ಬರೆದೆ. ಯಾರ ಕೈಗೆ ಹೋಯಿತೆಂದು ಆ ಹೆಂಗಸಿಗೂ ಒಂದು ಸಾಲು ಹಾಕಿದೆ. ತಗಡಿನ ಡಬ್ಬಿಯಲ್ಲೇ ರೇಜರನ್ನಿಟ್ಟು, ಅಲುಗಾಡದಂತೆ ಹತ್ತಿ ತುಂಬಿ, ಪಟಿಕದ ತುಂಡನ್ನೂ ಅದರೊಳಗೇ ಬಿಟ್ಟೆ.