ಸೋಪಿನ ಲೆಕ್ಕ

ಹಾಲು ಬೆಳ್ಳಗಿರುವುದು ಅದರಲ್ಲಿರುವ ಕೊಬ್ಬಿನ ಹನಿಗಳೂ ಪ್ರೋಟೀನ್ ಕಣಗಳೂ ಬೆಳಕನ್ನು ಚದುರಿಸುವುದರಿಂದ. ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ತೀರಾ ಸಣ್ಣದಾದರೆ ಎಣ್ಣೆ ನೀರು ಬೆರೆತದ್ದೂ ಗಾಜಿನಂತೆ ತಿಳಿಯಾಗಿ ಕಾಣುತ್ತದೆ. ಅದೇ ಮೈಕ್ರೋಎಮಲ್ಷನ್. ಶುಲ್‌ಮನ್ ಮತ್ತು ಹೋರ್ 1943ರಲ್ಲೇ ಇಂಥ ದ್ರವವನ್ನು ವರ್ಣಿಸಿದ್ದರು. ಈ ಹೆಸರು ಬಂದದ್ದು 1959ರಲ್ಲಿ. ಪುಣೆಗೆ ಬಂದ ನಾಲ್ಕು ವರ್ಷದಿಂದ ನನ್ನ ಪಿಎಚ್‌ಡಿ ಇದರ ಸುತ್ತಲೇ ಇದೆ.

ನೀರು, ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಸೋಪಿನಂಥ ವಸ್ತು, ಸ್ವಲ್ಪ ಪೆಂಟನಾಲ್, ಸ್ಟೈರೀನ್. ಸರಿಯಾದ ಪ್ರಮಾಣದಲ್ಲಿ ಬೆರೆಸಿ ಅಲ್ಲಾಡಿಸಿದರೆ ಸಾಕು, ತಿಂಗಳುಗಟ್ಟಲೆ ಇಟ್ಟರೂ ಕೆನೆ ಕಟ್ಟುವುದಿಲ್ಲ. ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸಿ, 70 ಡಿಗ್ರಿಗೆ ಕಾಯಿಸಿ, ಪೊಟ್ಯಾಸಿಯಂ ಪರ್‌ಸಲ್ಫೇಟ್ ಹಾಕುತ್ತೇನೆ. ತಿಳಿ ದ್ರವಕ್ಕೆ ಮೆಲ್ಲಗೆ ನಸುನೀಲಿ ಛಾಯೆ ಬರುತ್ತದೆ. 20ರಿಂದ 50 ನ್ಯಾನೊಮೀಟರಿನ ಪಾಲಿಸ್ಟೈರೀನ್ ಕಣಗಳು ಹುಟ್ಟಿವೆ ಎಂದು ಅರ್ಥ. ಆ ನೀಲಿಯನ್ನು ನೋಡಲೆಂದೇ ಎಷ್ಟೋ ಸಲ ಮೆಸ್ಸಿನ ಊಟ ಬಿಟ್ಟಿದ್ದೇನೆ.

ಒಂದೊಂದು ಹನಿಯೂ ಇಡ್ಲಿ ತಟ್ಟೆಯ ಒಂದೊಂದು ಗುಳಿ, ಅದರಲ್ಲಿ ಒಂದೊಂದು ಕಣ ಬೇಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಸೆಮಿನಾರಿನ ಚಿತ್ರಗಳೂ ಹಾಗೇ ಇರುತ್ತವೆ. ನಡೆಯುವುದು ಬೇರೆ. ಕೆಲವೇ ಹನಿಗಳಲ್ಲಿ ಕ್ರಿಯೆ ಶುರುವಾಗುತ್ತದೆ. ಉಳಿದವು ತಮ್ಮ ಸ್ಟೈರೀನನ್ನು ನೀರಿನ ಮೂಲಕ ಬೆಳೆಯುವ ಕಣಗಳಿಗೆ ಬಿಟ್ಟುಕೊಡುತ್ತವೆ. ಹಾಗಾಗಿ ಕಣ ಮೊದಲ ಹನಿಗಿಂತ ದೊಡ್ಡದು, ಸುತ್ತಲೂ ಬರಿದಾದ ಸೋಪಿನ ಗುಂಪುಗಳು.

ಹಾಸನದ ಹತ್ತಿರದ ನಮ್ಮೂರಿನ ಹಾಲಿನ ಡೇರಿಯಲ್ಲಿ ಅಪ್ಪ ಕಾರ್ಯದರ್ಶಿ. ಫ್ಯಾಟಿನ ಲೆಕ್ಕ ಬಲ್ಲವರು. ಕಳೆದ ಯುಗಾದಿಗೆ ಹೋದಾಗ ಎಲ್ಲ ಕೇಳಿಸಿಕೊಂಡು, "ಒಂದು ಕೆಜಿ ಪ್ಲಾಸ್ಟಿಕ್ಕಿಗೆ ಸೋಪು ಎಷ್ಟು ಹಿಡಿಯುತ್ತೆ?" ಅಂದರು.

"ಒಂದು ಕೆಜಿಗಿಂತ ಜಾಸ್ತೀನೇ."

"ಹಂಗಾದ್ರೆ ನೀನು ಮಾಡ್ತಿರೋದು ಸೋಪು ಕಣೋ."

ಈ ವಿಧಾನ ಕಾರ್ಖಾನೆಗಳಲ್ಲಿ ಹೆಚ್ಚು ನೆಲೆಯೂರದಿರಲು ದೊಡ್ಡ ಕಾರಣವೇ ಇದು. ಇದಕ್ಕೊಂದು ದಾರಿಯಿದೆ: ಸ್ಟೈರೀನನ್ನು ಒಮ್ಮೆಲೇ ಸುರಿಯದೆ ಹನಿಹನಿಯಾಗಿ ಬಿಡುವುದು. ಆಗ ಬರಿದಾದ ಗುಂಪುಗಳ ಸೋಪೇ ಬೆಳೆಯುವ ಕಣಗಳಿಗೆ ಹೊದಿಕೆಯಾಗುತ್ತದೆ. ನನ್ನ ಕೊನೆಯ ಅಧ್ಯಾಯ ನಿಂತಿರುವುದು ಇದರ ಮೇಲೆ; ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತದೆ. ಹೋದ ವಾರದ ಬಾಟಲಿಯಲ್ಲಿ ಸೋಪಿನ ನಾಲ್ಕು ಪಟ್ಟು ಪಾಲಿಸ್ಟೈರೀನ್ ಸಿಕ್ಕಿತು, ಕಣಗಳೂ 50 ನ್ಯಾನೊಮೀಟರ್ ದಾಟಲಿಲ್ಲ. ಅದೇ ಫಲಿತಾಂಶ ಇನ್ನೆರಡು ಸಲ ಬರಬೇಕು. ಸದ್ಯ ಉಳಿದ ಸೋಪು ತೆಗೆಯಲು ಡಯಾಲಿಸಿಸ್ ಚೀಲಗಳನ್ನು ಬೀಕರಿನಲ್ಲಿ ಮುಳುಗಿಸಿಟ್ಟು, ದಿನಕ್ಕೆರಡು ಸಲ ನೀರು ಬದಲಿಸುತ್ತಿದ್ದೇನೆ.