ಬೆಂಚಿನ ಆ ಕಡೆ, ಈ ಕಡೆ

ರಾಲಿ ಊರಿಗೆ ಐಸ್ ಹಾಕಿಯೂ ನಮ್ಮ ಹಾಗೆ ಹೊರಗಿನಿಂದ ಬಂದದ್ದೇ. ಹಾರ್ಟ್‌ಫರ್ಡ್‌ನ ತಂಡ 1997ರಲ್ಲಿ ನಾರ್ತ್ ಕೆರೊಲಿನಾಕ್ಕೆ ಗುಳೆ ಬಂದು, ಹರಿಕೇನ್ಸ್ ಎಂದು ಹೆಸರಿಟ್ಟುಕೊಂಡು, ಎರಡು ಸೀಸನ್ ಗ್ರೀನ್ಸ್‌ಬರೋದ ಖಾಲಿ ಕುರ್ಚಿಗಳ ಮುಂದೆ ಆಡಿ, 1999ರಲ್ಲಿ ಇಲ್ಲಿ ನೆಲೆಯೂರಿತು. ಬಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಆಟವೇ ಇಲ್ಲ ಎನ್ನುವ ಊರು. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಕನ್ನಡದವರಾದ ನಮಗೆ ಪಕ್ ಎಂಬ ರಬ್ಬರ್ ಬಿಲ್ಲೆ ಕಣ್ಣಿಗೆ ಬೀಳುವಷ್ಟರಲ್ಲಿ ಗೋಲು ಆಗಿಹೋಗಿರುತ್ತಿತ್ತು.

17ನೇ ನಂಬರಿನ ರಾಡ್ ಬ್ರಿಂಡಮೋರ್ ಮಾತ್ರ ಹುಡುಕದೆಯೂ ಕಾಣುತ್ತಿದ್ದ. ರೆಫರಿ ಇಬ್ಬರ ನಡುವೆ ಪಕ್ ಬೀಳಿಸುವ ಕಡೆಯಲ್ಲೆಲ್ಲ ಬಗ್ಗಿ ನಿಂತಿರುತ್ತಿದ್ದವನು ಅವನೇ. ಫಿಲಡೆಲ್ಫಿಯಾದಲ್ಲಿ ಒಂದೂ ತಪ್ಪಿಸದೆ ಸತತ 484 ಪಂದ್ಯ ಆಡಿ, 2000ದ ಜನವರಿಯಲ್ಲಿ ಇಲ್ಲಿಗೆ ಬಂದವನು. ಚಮತ್ಕಾರದ ಆಟ ಅವನದ್ದಲ್ಲ. ಪಂದ್ಯ ಮುಗಿದ ಮೇಲೂ ಜಿಮ್ಮಿಗೆ ಹೋಗಿ ಭಾರ ಎತ್ತುವ ಜಾತಿ. 2006ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಮೊದಲ ಪಂದ್ಯದಲ್ಲಿ ತಂಡ 0-3 ಹಿಂದಿತ್ತು. ಸಮ ಮಾಡಿಕೊಂಡು, ಮುನ್ನಡೆದು, ಮತ್ತೆ ಸಮವಾಗಿ, ಅರ್ಧ ನಿಮಿಷ ಉಳಿದಿದ್ದಾಗ ಎದುರಾಳಿ ಎಡ್ಮಂಟನ್‌ನ ಗೋಲ್‌ಕೀಪರ್ ತನ್ನ ಬಲೆಯ ಹಿಂದೆ ಪಕ್ ಒಪ್ಪಿಸುವುದರಲ್ಲಿ ಎಡವಿದ. ಖಾಲಿ ಗೋಲಿನ ಬಳಿ ಇದ್ದವನು ಬ್ರಿಂಡಮೋರ್. 5-4. ಏಳನೇ ಪಂದ್ಯದ ಹೊತ್ತಿಗೆ ಕಪ್ ನಮ್ಮದಾಯಿತು. ಲೀಗಿನ ಕಮಿಷನರ್ ಮಾತು ಮುಗಿಸುವ ತನಕ ಕಾಯುವ ತಾಳ್ಮೆಯೂ ಇಲ್ಲದೆ ಕ್ಯಾಪ್ಟನ್ ಬ್ರಿಂಡಮೋರ್ ಅದನ್ನು ಕಿತ್ತುಕೊಂಡು ಮೇಲೆತ್ತಿದ.

2010ರಲ್ಲಿ ಆಟ ಬಿಟ್ಟ. 1,484 ಪಂದ್ಯ, 452 ಗೋಲು. ಮುಂದಿನ ವರ್ಷ ಸಹಾಯಕ ಕೋಚ್. ಆ ಕಾಲದ ಇನ್ನೊಂದು ಸಂಗತಿಯನ್ನು ಅಭಿಮಾನಿಗಳು ಜಾಣತನದಿಂದ ಮರೆಯುತ್ತಾರೆ: ತಂಡ ಒಂಬತ್ತು ಸೀಸನ್ ಪ್ಲೇಆಫ್ ಮುಖ ನೋಡಲಿಲ್ಲ, ಅದರಲ್ಲಿ ಏಳು ಸೀಸನ್ ಬೆಂಚಿನ ಹಿಂದೆ ಇವನೂ ಇದ್ದ. 2018ರಲ್ಲಿ ಇವನನ್ನೇ ಮುಖ್ಯ ಕೋಚ್ ಮಾಡಿದಾಗ, ಹಳೆಯ ಹೆಸರು ತೋರಿಸಿ ಟಿಕೆಟ್ ಮಾರುವ ಉಪಾಯ ಎಂದುಕೊಂಡವರಲ್ಲಿ ನಾನೂ ಒಬ್ಬ. ಆಟಗಾರರಲ್ಲಿ ದೊಡ್ಡ ಹೆಸರಾದ ಗ್ರೆಟ್ಸ್ಕಿಯಂಥ ಗ್ರೆಟ್ಸ್ಕಿಯೇ ಫೀನಿಕ್ಸ್‌ನಲ್ಲಿ ನಾಲ್ಕು ಸೀಸನ್ ಕೋಚ್ ಆಗಿ ಒಮ್ಮೆಯೂ ಪ್ಲೇಆಫ್ ಮುಟ್ಟಿರಲಿಲ್ಲ. ಅವನ ಕಣ್ಣಿಗೆ ಕಾಣುತ್ತಿದ್ದುದನ್ನು ಬೇರೆಯವರಿಗೆ ಹೇಗೆ ಕಲಿಸುವುದು? ಬ್ರಿಂಡಮೋರ್ ಬಳಿ ಇದ್ದದ್ದು ಬೆವರು, ಅದನ್ನು ಹೇಳಿಕೊಡಬಹುದು. ಮೊದಲ ಸೀಸನ್ನಿನಲ್ಲೇ ತಂಡ ಕಪ್ ಫೈನಲ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಫೈನಲ್‌ವರೆಗೆ ಹೋಯಿತು. 2021ರಲ್ಲಿ ವರ್ಷದ ಶ್ರೇಷ್ಠ ಕೋಚ್‌ಗೆ ಕೊಡುವ ಜ್ಯಾಕ್ ಆಡಮ್ಸ್ ಪ್ರಶಸ್ತಿ ಬಂತು.

ಆದರೆ 2025ರವರೆಗೆ ಕಾನ್ಫರೆನ್ಸ್ ಫೈನಲ್‌ನಿಂದ ಮುಂದಕ್ಕೆ ಗಾಡಿ ಓಡಲಿಲ್ಲ. 2023ರ ಕಾನ್ಫರೆನ್ಸ್ ಫೈನಲ್‌ನಲ್ಲಿ ಫ್ಲೋರಿಡಾ ಎದುರು ನಾಲ್ಕೂ ಪಂದ್ಯ ಒಂದೊಂದೇ ಗೋಲಿನಿಂದ ಹೋದವು. ಮೊದಲನೆಯದು ನಾಲ್ಕನೇ ಓವರ್‌ಟೈಮ್‌ವರೆಗೆ ಎಳೆದು, ರಾತ್ರಿ ಎರಡರ ಹತ್ತಿರ ಮುಗಿಯಿತು. 2025ರಲ್ಲಿ ಮತ್ತೆ ಫ್ಲೋರಿಡಾ, ಐದೇ ಪಂದ್ಯಕ್ಕೆ ಕಥೆ ಮುಗಿಯಿತು. ದೂರದಿಂದ ಹೊಡೆದದ್ದೇ ಹೊಡೆದದ್ದು, ಗೋಲು ಕಾಣೆ ಎಂಬ ದೂರು ಹಳೆಯದು, ಸುಳ್ಳೂ ಅಲ್ಲ. ಹೀಗೇ ಆದರೆ ಕೋಚ್ ಬದಲಾಗಬೇಕು ಎನ್ನುತ್ತಾನೆ ಇಲ್ಲೇ ಹುಟ್ಟಿದ ನನ್ನ ಮಗ. ಆ ಒಂಬತ್ತು ಸೀಸನ್ ಅವನು ಕಂಡವನಲ್ಲ.