ಸಯನ್ ಸೇತುವೆಯ ಏರು ಮತ್ತು ಒಂದು 'ಟಕ್'

ಗಾಡಿಯ ಹೊಟ್ಟೆಯಡಿಯಿಂದ ಬರುವ ಸದ್ದುಗಳಲ್ಲಿ 'ಟಕ್' ಬೇರೆ, 'ಕಟ್‌ಕಟ್' ಬೇರೆ, 'ಧಡ್' ಬೇರೆ. 1981ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಆರು ತಿಂಗಳು ಹೋಟೆಲಿನಲ್ಲಿ ಟೇಬಲ್ಲು ಒರೆಸಿ, ಅದು ಒಗ್ಗದೆ ಸಯನ್ ಕೋಳಿವಾಡದ ಗ್ಯಾರೇಜೊಂದಕ್ಕೆ ಸೇರಿದ ನನಗೆ ಮೊದಲ ವರ್ಷ ಎಲ್ಲವೂ ಒಂದೇ ಥರ ಕೇಳುತ್ತಿದ್ದವು. ಆಗ ನನಗೆ ಹದಿನಾರು.

ಗ್ಯಾರೇಜ್ ಅಂದರೆ ಎರಡು ಗಾಡಿ ನಿಲ್ಲುವಷ್ಟು ತಗಡಿನ ಮಾಡು, ಉಳಿದದ್ದೆಲ್ಲ ರಸ್ತೆ. ಉಸ್ತಾದ್ ಸರ್ದಾರ್‌ಜಿ. ದೇಶವಿಭಜನೆಯಲ್ಲಿ ಊರು ಕಳಕೊಂಡು ಬಂದು ಕೋಳಿವಾಡದಲ್ಲಿ ನೆಲೆ ಕಂಡ ಪಂಜಾಬಿ ಕುಟುಂಬಗಳಲ್ಲಿ ಅವರದೂ ಒಂದು. ಲಾರಿ, ಟ್ಯಾಕ್ಸಿ, ಗ್ಯಾರೇಜು ಅಂತ ಆ ಕಡೆ ಸುಮಾರು ಜನಕ್ಕೆ ಗಾಲಿಯ ಮೇಲೇ ಬದುಕು. ಅವರು ನನ್ನನ್ನು ಒಂದು ವರ್ಷ 'ಮದ್ರಾಸಿ' ಅಂದರು, ಆಮೇಲೆ 'ಶೆಟ್ಟಿ' ಅಂದರು. ನಾನು ಶೆಟ್ಟಿಯಲ್ಲ. ಆದರೆ ನಮ್ಮ ಕಡೆಯವರೆಲ್ಲ ಮುಂಬಯಿಯಲ್ಲಿ ಶೆಟ್ಟರೇ, ತಿದ್ದಲು ಹೋಗಲಿಲ್ಲ.

ಬರುತ್ತಿದ್ದದ್ದು ಹೆಚ್ಚಾಗಿ ಮಹೀಂದ್ರಾ ಪಿಕಪ್‌ಗಳು. ಮಾಟುಂಗಾಕ್ಕೆ ಬಾಳೆಎಲೆ, ಧಾರಾವಿಯ ಕುಂಬಾರವಾಡದಿಂದ ಮಡಕೆ, ಚರ್ಮದ ಕಟ್ಟು, ಮದುವೆ ಹಾಲಿಗೆ ಪಾತ್ರೆ. ಒಂದು ಟನ್ನಿನ ಗಾಡಿಗೆ ಒಂದೂವರೆ ಟನ್ ಹೇರಿದರೆ ಯಾರೂ ಜಾಸ್ತಿ ಆಯಿತು ಅನ್ನುತ್ತಿರಲಿಲ್ಲ. ಆ ಭಾರವೆಲ್ಲ ಬೀಳುತ್ತಿದ್ದದ್ದು ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ, ಅಂದರೆ ಹಿಂಚಕ್ರಗಳ ನಡುವಿನ ಗೇರಿನ ಪೆಟ್ಟಿಗೆಗೆ, ಹೋಗುವ ಆ ಒಂದು ಶಾಫ್ಟಿನ ಮೇಲೆ, ಅದರ ಎರಡು ತುದಿಯ ಕ್ರಾಸ್‌ಗಳ ಮೇಲೆ. ಕ್ರಾಸ್ ಅಂದರೆ ಕೂಡಿಸುವ ಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡು. ಅದರ ನಾಲ್ಕು ಕೈಗೂ ಒಂದೊಂದು ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಬೇರಿಂಗ್‌ಗಳು. ಗಾಡಿ ಕುಣಿದಾಗ ಶಾಫ್ಟ್ ಓರೆಯಾದರೂ ತಿರುಗುವುದು ನಿಲ್ಲದಿರಲಿ ಅಂತ ಅದು.

ರೋಗ ಪತ್ತೆಗೆ ಉಸ್ತಾದರ ಮೊದಲ ಸಾಧನ ಪಾನಾ (ಸ್ಪ್ಯಾನರ್) ಅಲ್ಲ, ಸಯನ್ ಸ್ಟೇಷನ್ನಿನ ಪಕ್ಕ ರೈಲುಹಳಿ ದಾಟುವ ಸೇತುವೆ. 1912ರದ್ದು. ಅದರ ಏರಿನ ಅರ್ಧದಲ್ಲಿ ಟ್ರಾಫಿಕ್ಕು ಹೇಗೂ ನಿಲ್ಲಿಸುತ್ತಿತ್ತು. ಅಲ್ಲಿ ಕ್ಲಚ್ ಬಿಟ್ಟು ಗಾಡಿ ಎತ್ತುವಾಗ ಒಂದೇ ಒಂದು 'ಟಕ್' ಬಂದರೆ ಒಂದು ಲೆಕ್ಕ. ಇಳಿಜಾರಿನಲ್ಲಿ ಆಕ್ಸಿಲೇಟರ್ ಬಿಟ್ಟು ಮತ್ತೆ ಒತ್ತಿದಾಗ 'ಧಡ್' ಅಂದರೆ ಇನ್ನೊಂದು ಲೆಕ್ಕ. ಕೆಳಗೆ ಲೋಕಲ್ ಹೋಗುತ್ತಿದ್ದರೆ ಅದು ದಾಟುವ ತನಕ ಅವರು ಸುಮ್ಮನೆ ಕೂರುತ್ತಿದ್ದರು. ಹಿಂದಿನ ಟ್ಯಾಕ್ಸಿಯವನು ಹಾರ್ನ್ ಹೊಡೆದು ಬೈಯುತ್ತಿದ್ದ. 'ಸುನ್, ಬೋಲ್ ರಹೀ ಹೈ' ಅನ್ನುತ್ತಿದ್ದರು ನನಗೆ. ಮಾತಾಡುತ್ತಿರುವುದು ಗಾಡಿ, ಟ್ಯಾಕ್ಸಿಯವನಲ್ಲ.

ವಾಪಸು ಬಂದಮೇಲೆ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ ಅಡಿಗೆ ನುಗ್ಗುವುದು. ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಬೇಕು. ಕಣ್ಣು ಕ್ರಾಸ್ ಮೇಲಿರಬೇಕು: ಅದನ್ನು ಎರಡೂ ಕಡೆಯಿಂದ ಹಿಡಿದ ಕವೆಗಳಲ್ಲಿ ಈಚೆಯದು ಅಲುಗಿ ಆಚೆಯದು ಅಲುಗದಿದ್ದರೆ ಕ್ರಾಸ್ ಮುಗಿದಿದೆ. ಬಟ್ಟಲಿನ ಬಾಯಲ್ಲಿ ಕುಂಕುಮದಂಥ ಕೆಂಪು ಪುಡಿ ಕಂಡರೆ ತಿರುಚುವುದೂ ಬೇಡ, ಗ್ರೀಸ್ ಒಣಗಿ ಸೂಜಿಗಳು ತುಕ್ಕು ಹಿಡಿದು ಪುಡಿಯಾಗಿವೆ. ಇದು ಯಾವುದೂ ಇಲ್ಲದೆ, ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಮಾತ್ರ ಒಂದು 'ಟಕ್' ಬರುತ್ತಿದ್ದರೆ ಶಾಫ್ಟಿನ ಜಾರುವ ಹಲ್ಲುಗಳು ಒಣಗಿರುತ್ತವೆ. ನಾಲ್ಕು ಪಂಪು ಗ್ರೀಸ್ ಸಾಕು. ಉಸ್ತಾದರು ಯಾವಾಗಲೂ ಅಗ್ಗದ್ದರಿಂದ ಶುರು ಮಾಡುತ್ತಿದ್ದರು: ಮೊದಲು ಗ್ರೀಸ್, ಆಮೇಲೆ ಕಮಾನು ಪಟ್ಟಿಯ ಯು-ಬೋಲ್ಟು, ಗೇರ್‌ಬಾಕ್ಸಿನ ರಬ್ಬರು, ಕೊನೆಗೆ ಹೌಸಿಂಗ್. ಹೌಸಿಂಗಿನಿಂದ ಶುರು ಮಾಡಿದ್ದರೆ ಕೋಳಿವಾಡದಲ್ಲಿ ಎರಡು ಮಾಳಿಗೆ ಕಟ್ಟಬಹುದಿತ್ತು, ಕಟ್ಟಿದವರೂ ಇದ್ದರು.

ನಾನು ಮೋಸ ಹೋಗುತ್ತಿದ್ದದ್ದು ಈ ಹೌಸಿಂಗಿನಲ್ಲೇ. ಹಳೇ ಜೀಪಿನಲ್ಲಿ ಶಾಫ್ಟ್ ತಿರುಗಿಸುವ ಸಣ್ಣ ಗೇರು ಪಿನಿಯನ್‌ಗೆ 8 ಹಲ್ಲು, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್‌ಗೆ 43. ಶಾಫ್ಟ್ ಐದು ಸುತ್ತು ಚಿಲ್ಲರೆ ತಿರುಗಿದರೆ ಚಕ್ರಕ್ಕೆ ಒಂದು ಸುತ್ತು. ಹಾಗಾಗಿ ಚಕ್ರದಲ್ಲಿ ಆರು ಡಿಗ್ರಿಯೂ ಇಲ್ಲದ ಸಡಿಲ ಶಾಫ್ಟಿನಲ್ಲಿ ಮೂವತ್ತು ಡಿಗ್ರಿಯಾಗಿ ಕಾಣುತ್ತದೆ. ಅದನ್ನು ನೋಡಿ ನಾನು 'ಕ್ರೌನ್ ಪಿನಿಯನ್ ಗಯಾ' ಅಂತ ಕೂಗಿಬಿಡುತ್ತಿದ್ದೆ. ಉಸ್ತಾದರು ಶಾಫ್ಟ್ ಹೌಸಿಂಗಿಗೆ ಸೇರುವಲ್ಲಿನ ಫ್ಲ್ಯಾಂಜನ್ನು ಹಿಡಿದು ಮೇಲೆ ಕೆಳಗೆ ಎತ್ತಿ ನೋಡುತ್ತಿದ್ದರು. ತಿರುಗುವ ಸಡಿಲಕ್ಕೆ ಮಾಫಿಯುಂಟು, ಮೇಲೆ ಕೆಳಗೆ ಅಲುಗಿದರೆ ಇಲ್ಲ: ನಟ್ಟು ಸಡಿಲ, ಇಲ್ಲವೇ ಬೇರಿಂಗ್ ಹೋಗಿದೆ.

ನಮ್ಮೂರ ಕಡೆಯವರೊಬ್ಬರು ಹೋಟೆಲುಗಳಿಗೆ ಸಾಮಾನು ಹಾಕುತ್ತಿದ್ದರು. ಗಾಡಿ ಜಾಕಿನ ಮೇಲೇರಿದರೆ ಅವರ ಮುಖ ಬಾಡುತ್ತಿತ್ತು. "ಎಂತ ಮಾಣಿ, ಹೌಸಿಂಗ್ ಹೋಯ್ತಾ?"

"ಇಲ್ಲ ಅಣ್ಣಯ್ಯ, ಬರೀ ಕ್ರಾಸ್."

"ಹಾಗಾರೆ ಚಾ ತರ್ಸ್."

ಅದೇ ಅಣ್ಣಯ್ಯನ ಗಾಡಿಯಲ್ಲಿ ನಾನು ಮಾಡಿದ ಎಡವಟ್ಟು ಈಗಲೂ ಮೈ ಬಿಸಿ ಮಾಡುತ್ತದೆ. ಉಸ್ತಾದರು ಇಲ್ಲದ ಒಂದು ಮಧ್ಯಾಹ್ನ ಶಾಫ್ಟ್ ಬಿಚ್ಚಿ, ಎರಡು ತುಂಡು ಬೇರೆ ಮಾಡಿ, ಗುರುತು ಹಾಕದೆ ಮತ್ತೆ ಸೇರಿಸಿದೆ. ಹೊಸ ಕ್ರಾಸ್, ಸಡಿಲವೇ ಇಲ್ಲ. ಅಣ್ಣಯ್ಯ ಚೆಂಬೂರು ಮುಟ್ಟುವ ಮೊದಲೇ ವಾಪಸು. ನಲವತ್ತರ ಸ್ಪೀಡಿಗೆ ಗಾಡಿ ಹಿಟ್ಟಿನ ಗಿರಣಿಯ ನೆಲದ ಹಾಗೆ ನಡುಗುತ್ತಿತ್ತು. ಓರೆಯಲ್ಲಿ ತಿರುಗುವ ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟನ್ನು ಮುಂದೆ ದೂಡಿ ಹಿಂದೆ ಎಳೆಯುತ್ತದೆ. ಆ ಎಳೆದಾಟವನ್ನು ಇನ್ನೊಂದು ತುದಿಯ ಕ್ರಾಸ್ ಸರಿಗಟ್ಟಬೇಕಾದರೆ ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ಸಾಲಿನಲ್ಲಿರಬೇಕು. ನಾನು ಕೆಲವು ಹಲ್ಲು ಆಚೆ ಕೂರಿಸಿದ್ದೆ. ಉಸ್ತಾದರು ಬೈಯಲಿಲ್ಲ. ಶಾಫ್ಟಿನ ಮೇಲೆ ಚಾಕಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಉಳಿದ ಚಾಕನ್ನು ನನ್ನ ಅಂಗಿ ಜೇಬಿಗೆ ಹಾಕಿದರು. ಅವತ್ತು ಸಂಜೆಯ ಚಾ ಮಾತ್ರ ನನಗೆ ಬರಲಿಲ್ಲ.

ತೊಂಬತ್ತರ ದಶಕ ಹೀಗೇ ಕಳೆಯಿತು. ಕುರ್ಲಾದ ಕಪಾಡಿಯಾ ನಗರದ ಹಳೇ ಸಾಮಾನಿನ ಅಂಗಡಿಗಳಲ್ಲಿ ಹೌಸಿಂಗ್ ಹುಡುಕುವುದು, ಬೆಲೆಗೆ ಜಗಳಾಡುವುದು, ಟ್ಯಾಕ್ಸಿಯ ಡಿಕ್ಕಿಯಲ್ಲಿ ಹೊತ್ತು ತರುವುದು. ಆಮೇಲೆ ಹೊಗೆಯ ಬಗ್ಗೆ ಹೈಕೋರ್ಟಿನಲ್ಲಿ ಕೇಸು, ಅದರಿಂದ ಹುಟ್ಟಿದ ಲಾಲ್ ಸಮಿತಿ, ಸಿಎನ್‌ಜಿ. ಹಳೇ ಡೀಸೆಲ್ ಗಾಡಿಗಳು ಒಂದೊಂದಾಗಿ ನಗರದ ಹೊರಗೆ ಮಾರಾಟವಾದವು.

2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಉಳಿದಿದ್ದ ಗಾಡಿಗಳು ನೀರಲ್ಲಿ ನಿಂತವು. ಓಡಿ ಬಿಸಿಯಾದ ಹೌಸಿಂಗ್ ಒಮ್ಮೆಲೇ ನೀರಿಗೆ ಮುಳುಗಿದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಉಸಿರಾಡುವ ತೂತಿನಿಂದ ನೀರನ್ನು ಎಳಕೊಳ್ಳುತ್ತದೆ. ಮುಂದಿನ ವಾರವಿಡೀ ನಾವು ಮಾಡಿದ್ದು ಒಂದೇ ಕೆಲಸ: ಡ್ರೇನ್ ಬೋಲ್ಟ್ ಬಿಚ್ಚುವುದು. ಕಪ್ಪು ಎಣ್ಣೆಯ ಬದಲು ಹಾಲು ಹೆಚ್ಚಾದ ಫಿಲ್ಟರ್ ಕಾಫಿಯ ಬಣ್ಣದ ನೊರೆ ಬಕೆಟ್ಟಿಗೆ ಬೀಳುತ್ತಿತ್ತು. 'ಇಂಜಿನ್ ಸ್ಟಾರ್ಟ್ ಆಗುತ್ತದಲ್ಲ' ಅಂತ ಎಣ್ಣೆ ಬದಲಿಸದೆ ಹೋದವರು ಗಣಪತಿ ಹಬ್ಬದ ಹೊತ್ತಿಗೆ ಗರಗರ ಸದ್ದಿನೊಂದಿಗೆ ಬಂದರು. ಅಣ್ಣಯ್ಯನ ಪಿಕಪ್ಪಿಗೆ ಅದೇ ಕೊನೆಯ ಮಳೆ. ಆ ಮೇ ತಿಂಗಳಲ್ಲಷ್ಟೇ ಟಾಟಾ ಏಸ್ ಬಂದಿತ್ತು, ಎರಡು ಸಿಲಿಂಡರಿನ 'ಛೋಟಾ ಹಾಥಿ'. ಅವರ ಮಗ ಸಾಲ ಮಾಡಿ ಅದನ್ನು ತಂದ. ವಾರಂಟಿ ಇರುವ ತನಕ ಕಂಪನಿ ವರ್ಕ್‌ಶಾಪು, ನಮ್ಮ ಮುಖ ನೋಡುವ ಅಗತ್ಯವಿರಲಿಲ್ಲ.

ಉಸ್ತಾದರು ತೀರಿಕೊಂಡು ವರ್ಷಗಳಾದವು, ತಗಡಿನ ಮಾಡೂ ಇಲ್ಲ. ನಾನು ಈಗ ಕಲ್ಯಾಣದಲ್ಲಿ ಮಗನ ಜೊತೆ. ರೈಲಿನ ಹೊಸ ಹಳಿಗಳಿಗಾಗಿ ಸಯನ್ ಸೇತುವೆಯನ್ನು 2024ರ ಆಗಸ್ಟ್ 1ರಿಂದ ಮುಚ್ಚಿ ಕೆಡವಲು ತೊಡಗಿದರು. ಅದಾದ ಮೇಲೊಮ್ಮೆ ಸಯನ್ ಆಸ್ಪತ್ರೆಗೆ ಹೋದವನು ಸ್ಟೇಷನ್ ಕಡೆ ನಡೆದೆ. ಏರು ಇದ್ದಲ್ಲಿ ನೀಲಿ ತಗಡು. ದಾರಿ ತಪ್ಪಿ ಬಂದ ಬೊಲೆರೋ ಪಿಕಪ್ ಒಂದು ರಿವರ್ಸ್ ತೆಗೆದು ಮುಂದಕ್ಕೆ ಎಳೆಯಿತು. ಟಕ್. ಹಿಂದಿನ ಕ್ರಾಸ್, ಸಂಶಯವೇ ಇಲ್ಲ. ಕೈ ಮಾಡಿ ನಿಲ್ಲಿಸಿ ಹುಡುಗನಿಗೆ ಹಿಂದಿಯಲ್ಲಿ ಹೇಳಿದೆ, "ಕ್ರಾಸ್‌ಗೆ ಗ್ರೀಸ್ ಹೊಡೆಸು ಮಗಾ."

ಅವನು ನಕ್ಕ. "ಇದರಲ್ಲಿ ಗ್ರೀಸ್ ನಿಪ್ಪಲ್ಲೇ ಇಲ್ಲ ಚಾಚಾ. ಹೋದಾಗ ಹೊಸದು ಹಾಕೋದು."